ಮೋತಿಗೆ ಕೊಟ್ಟ ಪೇಡೆ

ಮನುಷ್ಯನ ಕುತೂಹಲದಿಂದ ಲೋಕಕ್ಕೆ ಬಹಳ ಉಪಕಾರವಾಗಿದೆ ಎನ್ನುತ್ತಾರೆ. ಆಗಿರಬಹುದು. ನನ್ನ ಕುತೂಹಲದಿಂದ ಆದದ್ದು ಒಂದೇ, ನನ್ನ ರಕ್ತದಲ್ಲಿ ಸಕ್ಕರೆ ಏರಿತು. ಕುದುರೆಗೆ ಕ್ಯಾರೆಟ್ ಇಷ್ಟವೋ ಸಿಹಿ ಇಷ್ಟವೋ ಎಂಬ ಪ್ರಶ್ನೆ ಐವತ್ತೆರಡನೆಯ ವಯಸ್ಸಿನಲ್ಲಿ ನನ್ನನ್ನು ಕಾಡಬೇಕಾದ ಅಗತ್ಯವೇ ಇರಲಿಲ್ಲ. ನಾನು ಕುದುರೆ ಹತ್ತಿದವನಲ್ಲ. ನನ್ನ ಮದುವೆಗೂ ಮಾವನವರ ಸ್ನೇಹಿತರ ಕಾರಿನಲ್ಲಿ ಬಂದಿಳಿದವನು, ಅದೂ ಹಿಂದಿನ ಸೀಟಿನಲ್ಲಿ ಮೂವರ ಮಧ್ಯೆ.

ಹೊಸ ತಿಪ್ಪಸಂದ್ರದ ಮನೆಯಿಂದ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಬಂದು, ಅಲ್ಲಿಂದ ಒಂದು ಗಲ್ಲಿ ಹಿಡಿದು ಆಫೀಸಿಗೆ ನಡೆಯುತ್ತೇನೆ. ಡಾಕ್ಟರು ನಡೆಯಲು ಹೇಳಿದ ಮೇಲೆ ಶುರುವಾದ ಅಭ್ಯಾಸ. ಆ ಗಲ್ಲಿಯಲ್ಲಿ ಹಳೆಯ ಟೈರಿನ ಅಂಗಡಿಯ ಪಕ್ಕ ಮೋತಿ ಎಂಬ ಬಿಳಿಯ ಹೆಣ್ಣು ಕುದುರೆ ಇದೆ. ಮೆರವಣಿಗೆಯಲ್ಲಿ ಮದುಮಗನನ್ನು ಹೊರುವುದು ಅದರ ಕಸುಬು. ಮದುವೆಗಳಿಲ್ಲದ ತಿಂಗಳಲ್ಲಿ ಸುಮ್ಮನೆ ಗೋಡೆ ನೋಡುತ್ತ ನಿಂತಿರುತ್ತದೆ. ನಾನೂ ಆಫೀಸಿನಲ್ಲಿ ಅದನ್ನೇ ಮಾಡುವುದು, ಕುಳಿತುಕೊಂಡು. ಹೀಗಾಗಿ ನಮಗೆ ಬೇಗ ಸ್ನೇಹವಾಯಿತು.

ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಅವಳ ಅಣ್ಣ ಬಂದಾಗಲೆಲ್ಲ ಪೇಡೆ ತರುತ್ತಾರೆ. ನನಗೆ ಪೇಡೆ ನಿಷಿದ್ಧ; ಬದಲಿಗೆ ಉದ್ದಕ್ಕೆ ಸೀಳಿದ ಹಸಿ ಕ್ಯಾರೆಟ್ಟಿನ ಡಬ್ಬಿ. ಕಣ್ಣೆದುರೇ ಪೇಡೆ ಒಣಗುವುದನ್ನು ನೋಡಲಾಗದೆ, “ಆ ಕುದುರೆಗಾದರೂ ಕೊಡ್ತೀನಿ, ಅದಕ್ಕೆ ಸಿಹಿ ಅಂದ್ರೆ ಪ್ರಾಣ” ಎಂದುಬಿಟ್ಟೆ. ಮೂಕಪ್ರಾಣಿ ಎಂದರೆ ಕರಗುವ ಗಿರಿಜಾ ದಿನಕ್ಕೆರಡು ಪೇಡೆ ಕಾಗದದಲ್ಲಿ ಸುತ್ತಿಕೊಡತೊಡಗಿದಳು.

ನಂಬಿ, ಮೊದಲ ದಿನ ನಾನು ಪ್ರಾಮಾಣಿಕನಾಗಿಯೇ ಇದ್ದೆ. ಪೇಡೆಯನ್ನು ಮೋತಿಯ ಮುಂದೆ ಹಿಡಿದಾಗ ಅದರ ಯಜಮಾನರು ಬಾಬಾಜಾನ್ ನನ್ನ ಕೈ ತಡೆದರು.

“ಬ್ಯಾಡ ಸಾರ್, ಸ್ವೀಟ್ ಗೀಟ್ ಕೊಡ್ಬೇಡಿ. ಜಾಸ್ತಿ ತಿಂದ್ರೆ ಗೊರಸಲ್ಲಿ ಉರಿ ಬರುತ್ತೆ, ನಿಲ್ಲೋಕೇ ಆಗಲ್ಲ. ಮದುವೆ ಮನೇವ್ರು ಲಾಡು ಹಿಡ್ಕೊಂಡು ಬರ್ತಾರೆ, ಕೈ ಮುಗಿದು ಕಳಿಸ್ತೀನಿ. ಮರಿಯಿಂದ ಅದರ ರುಚೀನೇ ತೋರಿಸಿಲ್ಲ.”

“ಕುದುರೆಗೂ ಶುಗರ್ ಬರುತ್ತಾ?”

“ಅದೆಲ್ಲ ಡಾಕ್ಟ್ರು ಹೇಳ್ಬೇಕು. ನಾನು ದಿನಾ ಕಾಲು ಮುಟ್ಟಿ ನೋಡ್ತೀನಿ, ಅಷ್ಟೇ.” ಹೇಳುತ್ತಲೇ ಮೋತಿಯ ಮುಂಗಾಲನ್ನೆತ್ತಿ, ಮಗುವಿನ ಜ್ವರ ನೋಡುವಂತೆ ಗೊರಸಿಗೆ ಅಂಗೈ ಒತ್ತಿದರು.

ಪೇಡೆ ನನ್ನ ಕೈಯಲ್ಲೇ ಉಳಿಯಿತು. ದಾನಕ್ಕೆಂದು ತಂದದ್ದನ್ನು ಮನೆಗೆ ಮರಳಿ ಒಯ್ಯುವುದು ಚೆನ್ನಾಗಿರುವುದಿಲ್ಲ. ಗಲ್ಲಿಯ ತಿರುವಿನಲ್ಲಿ ನಾನೇ ಸ್ವೀಕರಿಸಿದೆ. ಅಷ್ಟರಲ್ಲಾಗಲೇ ಮೋತಿ ನನ್ನ ಚೀಲ ಮೂಸಿ ಕ್ಯಾರೆಟ್ ಪತ್ತೆಹಚ್ಚಿತ್ತು, ಅದಕ್ಕೆ ಬಾಬಾಜಾನರ ಅಭ್ಯಂತರವಿರಲಿಲ್ಲ. “ನಾಲ್ಕು ತುಂಡು ಪರ್ವಾಗಿಲ್ಲ” ಎಂದರು. ಮೂರು ತಿಂಗಳು ಈ ಏರ್ಪಾಡು ಎಲ್ಲರಿಗೂ ಒಪ್ಪಿಗೆಯಾಗಿ ನಡೆಯಿತು, ಗಿರಿಜಾಳಿಗೆ ಗೊತ್ತಿರಲಿಲ್ಲ ಎನ್ನುವುದನ್ನು ಬಿಟ್ಟರೆ.

ಹೋದ ಶನಿವಾರ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಆಫೀಸಿನ ಹತ್ತಿರದ ಕ್ಲಿನಿಕ್ಕಿಗೆ ಗಿರಿಜಾಳೂ ಬಂದಿದ್ದಳು. ಡಾಕ್ಟರು ಕನ್ನಡಕ ತೆಗೆದು, “ಪಾದ ಉರಿಯುತ್ತಾ?” ಎಂದು ಕೇಳಿದರು. ಸ್ವಲ್ಪ ಉರಿಯುತ್ತಿತ್ತು. ಇಲ್ಲವೆಂದೆ. ಒಳಗೊಳಗೆ ನಿಜವಾಗಿ ಹೆದರಿದೆ.

ಹೊರಗೆ ಬಂದ ಗಿರಿಜಾ ಚಿಂತೆಗೆ ಬಿದ್ದಳು. “ದಿನಾ ಗಜ್ಜರಿ ನೀವ್ ತಿಂತೀರಿ, ಪೇಡೆ ಕುದುರಿ ತಿಂತದ. ಶುಗರ್ ಮಾತ್ರ ನಿಮಗ ಹೆಂಗ ಏರ್ತದ್ರೀ?” ತನ್ನ ಪ್ರಶ್ನೆ ಕೇಳಿ ತಾನೇ ತಟ್ಟನೆ ನಿಂತಳು. “ನಡೀರಿ, ಆ ಕುದುರಿ ನೋಡೋಣ.”

ಬಿಸಿಲು, ಬಸ್ಸು, ಹಸಿವು ಎಲ್ಲ ನೆಪ ಹೇಳಿ ನೋಡಿದೆ, ಫಲಿಸಲಿಲ್ಲ. ಅವಳ ಪರ್ಸಿನಲ್ಲಿ ಆ ದಿನದ ಪೇಡೆಗಳೂ ಇದ್ದವು. ಒಂದನ್ನು ಅಂಗೈಯಲ್ಲಿಟ್ಟು ಚಾಚಿದಳು. ಬಾಬಾಜಾನ್ ತಡೆಯುವ ಮೊದಲೇ ಮೋತಿ ಮೂಸಿ, ಮೇಲ್ದುಟಿ ಮಡಚಿ, ಮುಖ ಆ ಕಡೆ ತಿರುಗಿಸಿತು. ಆಮೇಲೆ ನೇರ ನನ್ನ ಬಳಿ ಬಂದು, ಚೀಲದಲ್ಲಿ ಡಬ್ಬಿ ಇರುವ ಜಾಗಕ್ಕೇ ಮೂತಿ ಒತ್ತಿ ನಿಂತಿತು.

“ಇವತ್ತು ಲೇಟ್ ಆಯ್ತು ಸಾರ್, ಆಗ್ಲಿಂದ ದಾರಿ ಕಾಯ್ತಿದೆ,” ಎಂದು ಬಾಬಾಜಾನ್ ನಗುತ್ತ ಗಿರಿಜಾಳ ಕಡೆ ತಿರುಗಿದರು. “ಸ್ವೀಟ್ ಇದು ತಿನ್ನಲ್ಲಮ್ಮಾ. ಸಾರ್ ತರೋ ಕ್ಯಾರೆಟ್ಟೇ ಬೇಕು.”

ಗಿರಿಜಾ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಬಾಬಾಜಾನ್ ಮೋತಿಯ ಗೊರಸು ಮುಟ್ಟಿ ನೋಡುವುದನ್ನೇ ಬಹಳ ಹೊತ್ತು ನೋಡಿದಳು. ಬಸ್ಸಿನಲ್ಲಿ ಒಂದೇ ಮಾತು ಹೇಳಿದಳು: “ಕುದುರಿ ಕಾಲಿನ ಮ್ಯಾಲೆ ಅವರಿಗಿರೋ ಕಾಳಜಿ ನಿಮ್ಮ ಕಾಲಿನ ಮ್ಯಾಲೆ ನಿಮಗ ಇಲ್ಲಲ್ರೀ.” ಹಲಸೂರು ದಾಟುವವರೆಗೂ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಈಗ ಡಬ್ಬಿಗಳು ಎರಡು. ನನ್ನದನ್ನು ಮೋತಿಯೆದುರೇ ತಿಂದು ಮುಗಿಸುತ್ತೇನೆ, ಬಾಬಾಜಾನ್ ಸಾಕ್ಷಿ. ಸಂಜೆ ಮನೆಯಲ್ಲಿ ಗಿರಿಜಾ ನನ್ನೆದುರು ಕುಳಿತು, ಪಾದಕ್ಕೆ ಅಂಗೈ ಒತ್ತಿ, “ಉರಿ ಅದ ಏನ್ರೀ?” ಎಂದು ಕೇಳುತ್ತಾಳೆ. ನಾನು ಕಾಲೆತ್ತಿ ಕೊಡುತ್ತೇನೆ. ಮೋತಿಯೂ ಹಾಗೆಯೇ ಕೊಡುತ್ತದೆ. ಆದರೆ ಅದು ತಲೆಯೆತ್ತಿ ನಿಂತು ಕೊಡುತ್ತದೆ.