ತೀರಿಹೋದ ಗ್ರಾಹಕರ ಅಹವಾಲು

ನಮ್ಮ ಕಡೆ ಮನುಷ್ಯ ಸತ್ತರೂ ಅವನ ಹೆಸರಿನ ಮೀಟರು ಸಾಯುವುದಿಲ್ಲ, ಹಾಗಾಗಿ ಕರೆಂಟು ಕಂಪನಿಯ ನನ್ನ ನೌಕರಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಕರೆಂಟಿನ ದರ ನಿಗದಿ ಮಾಡುವ ಆಯೋಗದ ಖರ್ಚನ್ನು ಇನ್ನು ಮುಂದೆ ಗ್ರಾಹಕರ ಬಿಲ್ಲಿನಿಂದಲೇ ಎತ್ತುವ ಕಾಯಿದೆಯೊಂದನ್ನು ರಾಜ್ಯ ತರುವುದಿತ್ತು. ಜನರ ಅಭಿಪ್ರಾಯ ಕೇಳಲು ಮೈಸೂರು ಕಡೆಯ ಸಾಹೇಬರೊಬ್ಬರು ಬಂದು ನಮ್ಮ ಮೂರು ಊರುಗಳಲ್ಲಿ ಸಭೆ ನಡೆಸಿದರು. ಮೀಟರು ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕೆಂದು ಅವರ ಹಟ. ಹೆಸರು ಕೂಗುವ ಕೆಲಸ ನನ್ನದು.

ನರಗುಂದ

ಮೊದಲ ಹೆಸರು ಕೂಗಿದೆ. "ತೀರಿಕೊಂಡಾರ್ರಿ" ಎಂದಿತು ಸಭೆ. ಎರಡನೆಯದಕ್ಕೆ, "ಅವರೂ ಹೋಗ್ಯಾರ್ರಿ." ಮೂರನೆಯದಕ್ಕೆ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಲ್ಕನೆಯ ಹೆಸರಿಗೆ ಹಿಂದಿನಿಂದ "ಅದೀನ್ರಿ!" ಎಂದು ದನಿ ಬಂದದ್ದೇ ತಡ, ಸಾಹೇಬರು ಬೆಚ್ಚಿ ಕುರ್ಚಿ ಬಿಟ್ಟೆದ್ದರು.

"ಹೆದರಬ್ಯಾಡ್ರಿ ಸಾಹೇಬ್ರ, ನಾ ಖರೇನ ಜೀವಂತ ಅದೀನಿ" ಎಂದು ಆ ಮುದುಕನೇ ಅವರನ್ನು ಸಮಾಧಾನ ಮಾಡಬೇಕಾಯಿತು.

ಗಜೇಂದ್ರಗಡ

ಇಲ್ಲಿ ಕಿರಾಣಿ ವ್ಯಾಪಾರಿಯೊಬ್ಬ, "ಮೀಟರ್ ನಮ್ಮ ಅಪ್ಪಾರ ಹೆಸರಿಗೆ ಐತ್ರಿ, ಅವರನ್ನ ಕೇಳಿ ಬರ್ತೀನಿ" ಎಂದು ಹೊರಟ. ಅಂತೂ ಒಬ್ಬ ಜೀವಂತ ಗ್ರಾಹಕ ಸಿಕ್ಕನಲ್ಲ ಎಂದು ಸಾಹೇಬರಿಗೆ ಖುಷಿಯೋ ಖುಷಿ. ಅವನು ಹೋದ ದಾರಿ ಕಿಟಕಿಯಿಂದ ಕಾಣುತ್ತಿತ್ತು. ಅವನು ಮನೆಯ ಕಡೆ ಹೋಗಲಿಲ್ಲ. ನೆಟ್ಟಗೆ ಸ್ಮಶಾನದೊಳಗೆ ನಡೆದು, ಒಂದು ಸಮಾಧಿಯ ಮುಂದೆ ಕೂತು, ತಲೆಯಾಡಿಸುತ್ತ ಏನೋ ಮಾತಾಡಿ ತಿರುಗಿ ಬಂದ.

"ಏನಂದ್ರು?" ಎಂದರು ಸಾಹೇಬರು.

"ಒಲ್ಲೆ ಅಂದ್ರು ನೋಡ್ರಿ. ಇದ್ದಾಗೂ ಹಿಂಗ, ಏನ್ ಕೇಳಿದ್ರೂ ಒಲ್ಲೆ ಅಂತಿದ್ರು."

ರೋಣ

ಜಕ್ಕಲಿಯಿಂದ ಬಂದ ಹೆಣ್ಣುಮಗಳೊಬ್ಬಳಿಗೆ ಹಿಟ್ಟಿನ ಗಿರಣಿಯೇ ಅನ್ನ. ಕರೆಂಟಿಗೆ ಶಕ್ತಿಯಿಲ್ಲದೆ ಅದರ ಮೋಟಾರು ಮೇಲಿಂದ ಮೇಲೆ ಸುಡುತ್ತಿತ್ತು. ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ಬದಲಾಗದಿದ್ದರೆ ಗಿರಣಿಗೆ ಬೀಗವೇ ಗತಿ. ಆದರೆ ಮೀಟರು ಎಂದೋ ತೀರಿಹೋದ ಮಾವನ ಹೆಸರಲ್ಲಿತ್ತು.

"ನೀವು ಮಾತಾಡೋ ಹಾಗಿಲ್ಲಮ್ಮ" ಎಂದುಬಿಟ್ಟರು ಸಾಹೇಬರು.

ಆಕೆಯ ಕಣ್ಣು ತುಂಬಿತು. ನನಗೆ ಸಾಹೇಬರ ಮೇಲೆ ಸಿಟ್ಟೇ ಬಂತು. ಅಷ್ಟರಲ್ಲಿ ಆಕೆಯ ಕತ್ತು ಒಮ್ಮೆ ಹೊರಳಿ, ಗಂಡಸಿನ ಗಡಸು ದನಿ ಹೊರಟಿತು: "ನಾನ ಬಂದೀನಿ. ಮೀಟರ್ ನಂದು. ಟಿಸಿ ಕೂಡಿಸೂ ತನಕಾ ಬಿಡಂಗಿಲ್ಲ!"

ಸಭೆಯೆಲ್ಲ ಎದ್ದು ಕೈಮುಗಿಯಿತು. ಸಾಹೇಬರೂ ಮುಗಿದರು. ಆದರೂ ಕರ್ತವ್ಯ ಮರೆಯಲಿಲ್ಲ: "ಯಜಮಾನ್ರೇ, ಆಯೋಗದ ಖರ್ಚು ನಿಮ್ಮ ಬಿಲ್ಲಿಗೆ ಹಾಕಬಹುದಾ?"

"ಹಾಕಪಾ. ಮೊದಲ ಕರೆಂಟ್ ಹಾಕು!"

ಅದೇ ವಾರ ಹೊಸ ಟಿಸಿ ಕೂತಿತು. ಗಿರಣಿ ನೋಡಲು ಹೊರಟಿದ್ದೆ, ಸಾಹೇಬರ ಫೋನು ಬಂತು: "ಏನಪಾ ತಮ್ಮಾ, ನಮ್ಮ ಗಿರಣಿ ಚಾಲೂ ಆತೇನು?" ನೆಗಡಿಯಾಗಿರಬೇಕು, ದನಿ ಗಡಸಾಗಿತ್ತು. ನಮ್ಮ ಮಾತನ್ನು ಎಷ್ಟು ಲಗೂ ಕಲಿತರಲ್ಲ ಎಂದು ಹಿಗ್ಗಿದೆ.

ಗಿರಣಿ ಭರ್ರನೆ ಓಡುತ್ತಿತ್ತು. "ಇಳದ್ರೇನ್ರಿ ಅಕ್ಕಾರ, ನಿಮ್ಮ ಮಾವಾರು?" ಎಂದು ಕಣ್ಣು ಮಿಟುಕಿಸಿದೆ.

ಆಕೆ ಜೋಳ ಸುರಿಯುತ್ತ, ನಗದೆ ಹೇಳಿದಳು: "ಅವತ್ತ ಇಳದ್ರಲ್ರಿ. ಸಾಹೇಬ್ರ ಬೆನ್ನ ಹತ್ತಿದ್ರ ಟಿಸಿ ಲಗೂ ಬರ್ತೈತಿ ಅಂತಂದು, ಅವರ ಜೀಪ್ ಹತ್ತಿ ಹ್ವಾದ್ರು."