ಗಜ್ಜರಿಯ ಮೀನು

ನಮ್ಮತ್ತಿ ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ. ಆದರೂ ಹೋದ ಚಳಿಗಾಲದಲ್ಲಿ ಗಜ್ಜರಿಯನ್ನು ಮೀನು ಎಂದು ನಂಬಿಸಲು ಹೊರಟಳು. ನಂಬಿಸಿಯೂ ಬಿಟ್ಟಳು. ಆದರೆ ಯಾರು ನಂಬಬಾರದಿತ್ತೋ ಅವರೆಲ್ಲ ನಂಬಿದರು, ಯಾರು ನಂಬಬೇಕಿತ್ತೋ ಆಕೆಯೊಬ್ಬಳು ನಂಬಲಿಲ್ಲ!

ಅತ್ತಿ ಎಂದರೆ ನಮ್ಮಪ್ಪನ ಅಕ್ಕ. ನಿಲಂಗಾದಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಮನೆ. ನಾನು ಔರಾದ ಶಹಾಜನಿಯ ಕನ್ನಡ ಸಾಲಿಯಲ್ಲಿ ಮಾಸ್ತರ. ಸಾಲಿ ಬಿಟ್ಟ ಮೇಲೆ ನಾನು ಅತ್ತಿಯ ಕೆಲಸಕ್ಕೆ ಖಾಲಿ ಇರಲಿ ಅಂತಲೇ ಸರಕಾರ ನನಗೆ ಪಗಾರ ಕೊಡುತ್ತದೆ ಎಂಬುದು ಆಕೆಯ ಗಟ್ಟಿ ತಿಳಿವಳಿಕೆ. ಮೊಬೈಲಿನಲ್ಲಿ ಏನು ನೋಡಿದರೂ ಅದನ್ನು ಮಾಡಿಯೇ ತೀರಬೇಕು ಆಕೆಗೆ. ಒಮ್ಮೆ ಯೋಗದ ವಿಡಿಯೋ ನೋಡಿ ಓಣಿಯ ಮುದುಕಿಯರನ್ನೆಲ್ಲ ಮಾಳಿಗೆ ಮೇಲೆ ಅಂಗಾತ ಮಲಗಿಸಿದಳು. ಮಲಗುವುದೇನೋ ಎಲ್ಲರಿಗೂ ಬಂತು. ಏಳುವುದು ಒಬ್ಬರಿಗೂ ಬರಲಿಲ್ಲ! ಅವರನ್ನು ಎಬ್ಬಿಸಿ ಕೆಳಗಿಳಿಸಲು ಬಜಾರದಿಂದ ಹಮಾಲರು ಬರಬೇಕಾಯಿತು.

ಆದರೆ ಈ ಗಜ್ಜರಿಯ ಸಂಗತಿಯಲ್ಲಿ ನಗು ಕಡಿಮೆ. ಆಗ ಅತ್ತಿಯ ಸೊಸೆ ಬಸುರಿ. ಕೊಂಕಣದ ಹುಡುಗಿ, ಸಮುದ್ರದ ದಂಡೆಯಲ್ಲಿ ಮೀನು ತಿಂದು ಬೆಳೆದವಳು. ಅತ್ತಿಯ ಮಗ ಪುಣೆಯಲ್ಲಿ ಓದುವಾಗ ಆಕೆಯನ್ನು ಮೆಚ್ಚಿ ಮದುವೆಯಾದ. ಈಗ ಉಮರ್ಗಾದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮೀನಿನ ಮಾತಿರಲಿ, ಮೀನಿನ ಚಿತ್ರವಿದ್ದ ಕ್ಯಾಲೆಂಡರೂ ನಮ್ಮ ಗೋಡೆ ಹತ್ತಿಲ್ಲ. ಆ ಹುಡುಗಿ ಹೊಸ್ತಿಲು ದಾಟಿದ ದಿನವೇ ತನ್ನ ಊಟ ಬಿಟ್ಟು ನಮ್ಮ ಊಟ ಹಿಡಿದಳು. ಯಾರೂ ಬಿಡು ಎನ್ನಲಿಲ್ಲ; ಇಟ್ಟುಕೋ ಎಂದೂ ಅನ್ನಲಿಲ್ಲ.

ಹಿಂದೊಮ್ಮೆ ಬಸುರು ನಿಂತಿರಲಿಲ್ಲ. ಈ ಸಲ ನಿಂತಿತ್ತು, ಆದರೆ ಹುಡುಗಿಗೆ ಏನೂ ಹೋಗದು. ಬೇಳೆ ಕುದ್ದರೆ ವಾಂತಿ, ಒಗ್ಗರಣೆ ಸಿಡಿದರೆ ವಾಂತಿ. ಕೈಯ ಬಳೆಗಳು ಮೊಣಕೈತನಕ ಜಾರುವಷ್ಟು ಬಡವಾದಳು. ಉದಗೀರಿನ ಡಾಕ್ಟರಬಾಯಿ, "ಏನಾದ್ರೂ ತಿನ್ನಸ್ರಿ, ಏನಾದ್ರೂ ಸರಿ" ಎಂದು ಕೈಮುಗಿಯುವುದೊಂದು ಬಾಕಿ. ಬಯಕೆ ಏನೆಂದು ಕೇಳಿ ಕೇಳಿ ಅತ್ತಿ ಸೋತಳು. ಕೊನೆಗೊಂದು ಮಧ್ಯಾಹ್ನ ಹುಡುಗಿ ಅರೆನಿದ್ದೆಯಲ್ಲಿ ತಾನಾಗೇ ಅಂದಳಂತೆ: "ಸ್ಮೋಕ್ಡ್ ಸಾಲ್ಮನ್ ಬೇಗಲ್."

ಪುಣೆಯಲ್ಲಿ ಓದುವಾಗ ಆಕೆ ರವಿವಾರಕ್ಕೊಮ್ಮೆ ಒಂದು ಕೆಫೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಬ್ರಂಚಿಗೆ ದೊಡ್ಡ ಹಲಗೆಯ ಮೇಲೆ ಅದನ್ನು ಹರಡಿ ಇಡುತ್ತಿದ್ದರು, ಎಲ್ಲರೂ ಸುತ್ತ ಕೂತು ತಿನ್ನುತ್ತಿದ್ದರು. ಇದೆಲ್ಲ ಅತ್ತಿಗೆ ಏನು ಗೊತ್ತು? ಸಂಜೆ ನಾನು ಗಾಡಿ ನಿಲ್ಲಿಸುವಷ್ಟರಲ್ಲೇ ಹಿಡಿದಳು.

"ಏ ಮಾಸ್ತರಾ, ನಿನಗ ಗೊತ್ತಿರಬೇಕು. ಸಾಲಿಮನಿಗೆ ಹೊಗಿ ಯಾಕ ಹಾಕ್ತಾರ?"

ನನಗೆ ಎದೆ ಧಸಕ್ಕೆಂದಿತು. "ಯಾವ ಸಾಲಿಮನಿಗೆ? ಯಾರು ಹಾಕ್ಯಾರ?"

"ನಮ್ಮ ಸೊಸಿ ಬಯಕಿ! ಸ್ಮೋಕ್ ಅಂದ್ರ ಹೊಗಿ ಅಲ್ಲೇನು? ಹೊಗಿ ಹಾಕಿದ ಸಾಲಿಮನಿ ಬೇಕಂತಾಳ."

ಅವಳ ಮಗನಿಗೆ ಫೋನ್ ಮಾಡಿ, ಅದು ಸಾಲಿಮನಿ ಅಲ್ಲ ಸಾಲ್ಮನ್, ಸಾಲ್ಮನ್ ಎಂದರೆ ಮೀನು ಎಂದು ತಿಳಿದುಕೊಂಡು ಹೇಳಿದೆ. ಅತ್ತಿ ಕಟ್ಟೆಯ ಮೇಲೆ ಕುಸಿದು ಕೂತಳು. ಬಯಕೆ ತೀರದಿದ್ದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆ. ಮೀನು ಮನೆಗೆ ಬಂದರೆ ಆಕೆಯ ಗಂಡ, ನಮ್ಮ ಮಾಮಾ, ಮನೆ ಬಿಟ್ಟು ಹೋಗುತ್ತಾನೆ. ಕೂಸಿನ ಕಿವಿಯೋ, ಗಂಡನೋ? ರಾತ್ರಿಯೆಲ್ಲ ಮೊಬೈಲ್ ತಿಕ್ಕಿದ ಅತ್ತಿಗೆ ಮುಂಜಾನೆ ದಾರಿ ಹೊಳೆದಿತ್ತು. ಗಜ್ಜರಿಯನ್ನು ತೆಳ್ಳಗೆ ಉದ್ದುದ್ದ ಸೀಳಿ, ಉಪ್ಪು ಹಚ್ಚಿ, ಬೇಯಿಸಿ, ಹೊಗೆ ಕೊಟ್ಟರೆ ಥೇಟ್ ಸಾಲ್ಮನ್ ಆಗುತ್ತದಂತೆ!

"ಅತ್ತಿ, ಗಜ್ಜರಿ ಗಜ್ಜರೀನೆ."

"ನೀ ಸುಮ್ ಕೂಡು. ಬಾಯಿಗೆ ಏನ್ ಗೊತ್ತಾಗ್ತದ? ಬಾಯಿಗೆ ಕಣ್ಣ ಅವೇನು?"

ಹೊಗೆ ಹಾಕುವುದಕ್ಕೆ ಆಕೆ ಆರಿಸಿದ್ದು ಜೋಳ ತುಂಬುವ ತಗಡಿನ ಪೀಪಾಯಿ. ಕೆಳಗೆ ಸೆಗಣಿಯ ಕುಳ್ಳು, ತೊಗರಿಕಟ್ಟಿಗೆ. ಮೇಲೆ ಜರಡಿಯಲ್ಲಿ ಗಜ್ಜರಿ. ಸ್ವಲ್ಪ ಹೊತ್ತಿಗೆ ಓಣಿಯೇ ಕಾಣದಾಯಿತು! ಜನ ಕೊಡ ಹಿಡಿದು ಓಡಿಬಂದರು. ಯಾರೋ ನೀರಿನ ಟ್ಯಾಂಕರನ್ನೇ ಕರೆತಂದರು. ಹೊಗೆಯೊಳಗಿಂದ ಒಂದು ದನಿ, "ಕಾಯ ಝಾಲಂ ಹೋ ಅತ್ತಿಬಾಯಿ? ಏನ್ ಸುಡಲಾಕತ್ತೀರಿ?" ಎಂದಿತು.

"ಮೀನ!" ಎಂದು ಅತ್ತಿ ಕೆಮ್ಮುತ್ತ ಹೇಳಿದಳು. "ಗಜ್ಜರಿದು" ಎಂಬ ಮುಂದಿನ ಮಾತು ಕೆಮ್ಮಿನಲ್ಲಿ ಹೋಯಿತು.

ಸಾಕಲ್ಲ? ಸಂಜೆಯೊಳಗೆ ಸುದ್ದಿ ಬಸ್ ಸ್ಟ್ಯಾಂಡ್ ಮುಟ್ಟಿತು. ಸೋಮವಾರಕ್ಕೊಮ್ಮೆ ಭಿಕ್ಷಕ್ಕೆ ಬರುವ ಅಯ್ಯನವರು ನಮ್ಮತ್ತಿಯ ಬಾಗಿಲ ಮುಂದೆ ಬಂದಾಗ ಆಕಾಶದಲ್ಲಿ ಏನೋ ಹುಡುಕುವವರಂತೆ ಮುಖ ಮೇಲೆತ್ತಿ ದಾಟಿಹೋದರು. ಅತ್ತಿ ಮೊರದಲ್ಲಿ ಜೋಳ ಹಿಡಿದು ನಿಂತೇ ಇದ್ದಳು. ಮಾಮಾ ಊಟದ ತಾಟು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದ. ಪೀಪಾಯಿಯ ಹೊಗೆ ತಿರುಗಿ ತುಂಬಿದ ಜೋಳಕ್ಕಿಳಿದು, ರೊಟ್ಟಿ ತಟ್ಟಿದಾಗೆಲ್ಲ ಸ್ಮಶಾನದ ವಾಸನೆ. ನನಗೂ ಇದನ್ನು ಇಲ್ಲಿಗೇ ನಿಲ್ಲಿಸಿದರೆ ಸಾಕು ಅನಿಸಿತ್ತು. ಆದರೆ ಒಳಗೆ ಆ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅದನ್ನು ನೋಡಿದ ಮೇಲೆ ನಿಲ್ಲಿಸು ಅನ್ನಲು ಬಾಯಿ ಬರುತ್ತಿರಲಿಲ್ಲ.

ಇನ್ನು ಬೇಗಲ್. ನಡುವೆ ತೂತಿರುವ ರೊಟ್ಟಿ. ಮೊದಲು ಕುದಿಸಬೇಕು, ಆಮೇಲೆ ಸುಡಬೇಕು. "ಕೋಡಬಳಿ ಬಾತದ ಅಷ್ಟೇ" ಎಂದಳು ಅತ್ತಿ. ಮೊದಲ ಸಲ ಕುದಿಯುವ ನೀರಿನಲ್ಲಿ ಹಿಟ್ಟು ಕರಗಿ ಅಂಟಾಯಿತು. ಎರಡನೆಯ ಸಲ ಬೇಕರಿಯವನ ಭಟ್ಟಿಯಲ್ಲಿ ಸುಡಿಸಿ ತಂದಳು. ಸಂಜೆ ಉಮರ್ಗಾದಿಂದ ಬಂದ ಮಗ ಒಂದನ್ನು ಕೈಯಲ್ಲಿ ಹಿಡಿದು, ತಿರುವಿ, ನೆಲಕ್ಕೆ ಟಣ್ಣೆಂದು ಬಡಿದು ಕೇಳಿದ:

"ಅವ್ವಾ, ಇದು ಯಾವ ಟ್ರ್ಯಾಕ್ಟರಿಂದು?"

ಅತ್ತಿ ನಗಲಿಲ್ಲ. "ಹೆಂಡ್ತಿ ಹೊಟ್ಟಿಗಿಲ್ಲದೆ ಮಲಗ್ಯಾಳ, ನಿನಗ ಚ್ಯಾಷ್ಟಿ" ಎಂದಳು. ಅವನು ಆ ಬೇಗಲ್ ಹಿಡಿದುಕೊಂಡೇ ಹಿತ್ತಲಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ಅವನು ಅಲ್ಲಿ ಅಳುತ್ತಿದ್ದ ಎಂದು ನನಗೆ ಗೊತ್ತು, ಅತ್ತಿಗೂ ಗೊತ್ತಿತ್ತು.

ಮೂರನೆಯ ಸಲ ಬೇಗಲ್ ಹಲ್ಲಿಗೆ ಬಗ್ಗುವಷ್ಟಾದವು. ರವಿವಾರ ಬ್ರಂಚ್ ಎಂದು ನಿಶ್ಚಯವಾಯಿತು. ಬ್ರಂಚ್ ಎಂದರೆ ನಾಷ್ಟಾನೂ ಅಲ್ಲ, ಊಟಾನೂ ಅಲ್ಲ, ನಡುವಿನ ಹೊತ್ತಿನದು ಎಂದು ವಿವರಿಸಿದೆ.

"ಅದಕ್ಕೊಂದು ಬ್ಯಾರೆ ಹೆಸರ ಯಾಕ ಬೇಕು? ಹೊಲದಾಗ ದಿನಾ ಅದೇ ಹೊತ್ತಿಗೇ ಬುತ್ತಿ ಬಿಚ್ಚತಾರ."

ಹಲಗೆ ಬೇಕಲ್ಲ? ಅಟ್ಟದ ಮೇಲಿನ ದೊಡ್ಡ ಮಣೆ ಇಳಿಸಿ ತಿಕ್ಕಿ ತೊಳೆದಳು. ಕಟ್ಟೆಯಿಂದಲೇ ಮಾಮಾ, "ಕುಂಡ್ರೋ ಮಣಿ ಮ್ಯಾಲ ಊಟ ಇಟ್ರ, ನಾವೇನ್ ತಾಟಿನ ಮ್ಯಾಲ ಕುಂಡ್ರೋದೇನು?" ಎಂದು ಕೂಗಿದ. ಅತ್ತಿ ಲಕ್ಷ್ಯ ಕೊಡಲಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರಿನ ಚಕ್ಕಾ ನಡುವಿಗೆ. ಸುತ್ತ ಬೇಗಲ್. ಉಳ್ಳಾಗಡ್ಡಿಯ ಬಿಲ್ಲೆ, ಸವತೀಕಾಯಿ, ಸಬ್ಬಸಗಿಯ ಎಳೆಗಳು, ಉಪ್ಪಿನಲ್ಲಿ ಹಾಕಿದ ಕವಳಿಕಾಯಿ. ಮತ್ತು ಎಣ್ಣೆ ಹಚ್ಚಿ ಮಡಿಕೆ ಮಡಿಕೆಯಾಗಿ ಮಲಗಿಸಿದ, ಹೊಳೆಯುವ ಗಜ್ಜರಿ. ಸುಳ್ಳು ಯಾಕೆ ಹೇಳಲಿ, ನೋಡಲು ಚಂದವಿತ್ತು! ಸುತ್ತ ಕೂತು ತಿನ್ನಲು ಜನ ಬೇಕೆಂದು ಓಣಿಯ ಹೆಂಗಸರಿಗೆಲ್ಲ ಹೇಳಿಬಂದಿದ್ದಳು.

ಹನ್ನೊಂದಾಯಿತು. ಯಾರೂ ಬರಲಿಲ್ಲ. ಅತ್ತಿ ಬಾಗಿಲಿಗೆ ಹೋಗುವಳು, ಒಳಗೆ ಬರುವಳು, ಮಣೆಯ ಮೇಲಿನ ನೊಣ ಹೊಡೆಯುವಳು. ಕೊನೆಗೆ ಬಂದವಳು ಒಬ್ಬಳೇ, ಹಿಂದಿನ ಗಲ್ಲಿಯಲ್ಲಿ ಕುರಿ ಸಾಕಿರುವ ಮನೆಯ ಹಿರಿಯಾಕೆ. ಮೀನಿನ ಸುದ್ದಿ ಕೇಳಿ ಬಹಳ ಆಸೆಯಿಂದ ಬಂದಿದ್ದಳು. ಕೂತಳು. ಒಂದು ಮಡಿಕೆ ಎತ್ತಿ ಬಾಯಿಗಿಟ್ಟಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿ ಅತ್ತಿಯ ಕೈ ಹಿಡಿದು, ಸತ್ತ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು:

"ಯಕ್ಕಾ, ನಿನಗ ಯಾರೋ ಮೋಸ ಮಾಡ್ಯಾರ. ಇದು ಗಜ್ಜರಿ ಅದ."

ಆಗಲೇ ಸೊಸೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮಣೆ ನೋಡಿದಳು. ಆ ಬಣ್ಣ ನೋಡಿ ಅವಳ ಮುಖದಲ್ಲಿ ಒಂದು ಗಳಿಗೆ ಏನೋ ಬೆಳಗಿತು. ಅತ್ತಿ ಉಸಿರು ಬಿಗಿಹಿಡಿದು ತಾನೇ ಬೇಗಲ್ ಸೀಳಿ, ಚಕ್ಕಾ ಸವರಿ, ಗಜ್ಜರಿ ಇಟ್ಟು ಕೊಟ್ಟಳು. ಹುಡುಗಿ ಒಂದು ತುತ್ತು ಕಚ್ಚಿದಳು.

"ಛಾನ್ ಆಹೆ, ಆಯಿ," ಎಂದಳು. ಚೆನ್ನಾಗಿದೆ ಅಂತ. ಹೇಳುವಾಗಲೇ ಕಣ್ಣು ತುಂಬಿದವು. ಮರುಗಳಿಗೆ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು.

ಅತ್ತಿ ಮಣೆಯ ಮುಂದೆ ಹಾಗೇ ಕೂತಳು. ಬೈಯಲಿಲ್ಲ, ಅಳಲಿಲ್ಲ. ಸಂಜೆ ಮಾಮಾ ತಾನಾಗೇ ತಾಟು ಎತ್ತಿಕೊಂಡು ಒಳಗೆ ಬಂದು ಆಕೆಯ ಎದುರಿಗೆ ಕೂತ. ಆಗಲೂ ಆಕೆ ತಲೆ ಎತ್ತಲಿಲ್ಲ.

ಆ ವಾರದಲ್ಲೇ ಉದಗೀರಿಗೆ ತೋರಿಸಲು ಅತ್ತಿ, ಸೊಸೆ ಇಬ್ಬರನ್ನೂ ನನ್ನ ಗಾಡಿಯಲ್ಲಿ ಕರೆದುಕೊಂಡು ಹೋದೆ. ತೂಕ ಮತ್ತೆ ಇಳಿದಿತ್ತು. ಹೀಗೇ ಆದರೆ ದವಾಖಾನೆಗೆ ಭರ್ತಿ ಮಾಡಿ ಸಲಾಯಿನ್ ಹಚ್ಚಬೇಕಾಗುತ್ತದೆ, ಕೂಸಿಗೆ ಒಳ್ಳೆಯದಲ್ಲ ಎಂದರು ಡಾಕ್ಟರಬಾಯಿ. ಗಾಡಿ ಊರು ದಾಟಿತು. ಆಮೇಲೆ ಅತ್ತಿ, ಕಿಡಕಿಯ ಹೊರಗೆ ನೋಡುತ್ತಲೇ ಕೇಳಿದಳು:

"ಇಲ್ಲಿ ಮೀನ ಮಾಡೋ ಹೋಟೆಲ್ ಎಲ್ಲದ?"

ನಾನು ಗಾಡಿಯನ್ನು ತೊಗರಿ ಹೊಲಕ್ಕೆ ಇಳಿಸುವುದೊಂದು ಬಾಕಿ.

"ಆಯಿ, ನಕೋ," ಎಂದಳು ಹುಡುಗಿ. "ಬ್ಯಾಡ್ರೀ. ನಿಮ್ಮ ಲಿಂಗ…"

"ಲಿಂಗ ನನ್ನ ಕೊರಳಾಗ ಅದ. ನಿನ್ನ ಹೊಟ್ಟ್ಯಾಗಿಂದಕ್ಕ ಇನ್ನೂ ಕಟ್ಟಿಲ್ಲ. ಬಯಕಿ ಅದರದು. ನೀ ಸುಮ್ ಕೂಡು."

ರಸ್ತೆಬದಿಯ ಒಂದು ಧಾಬಾ. ಅತ್ತಿ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಹೋದಳು, ಗುಡಿಗೆ ಹೋದ ಹಾಗೆ. ಮೂಲೆಯ ಮೇಜಿನಲ್ಲಿ ಸೊಸೆಯ ಪಕ್ಕಕ್ಕೆ ಕೂತಳು. ಕರಿದ ಮೀನು ಬಂತು. ಕೆರೆಯದು, ಮಸಾಲೆ ಹಚ್ಚಿದ್ದು. ಹುಡುಗಿ ಕೈ ಚಾಚಿದಳು.

"ತಡಿ," ಎಂದಳು ಅತ್ತಿ. "ಇದರಾಗ ಮುಳ್ಳ ಇರ್ತಾವಂತಲ್ಲ? ಗಂಟಲದಾಗ ಸಿಕ್ಕೊಂತಾವ."

ಸೆರಗನ್ನು ಮೂಗಿಗೆ ಬಿಗಿದಳು. ಕೊರಳ ಲಿಂಗವನ್ನು ಕಣ್ಣಿಗೊತ್ತಿ ಕುಪ್ಪಸದೊಳಗೆ ಇಳಿಸಿದಳು. ಆಮೇಲೆ, ಜನ್ಮದಲ್ಲಿ ಮೀನು ಮುಟ್ಟದ ಬೆರಳುಗಳಿಂದ ಅದನ್ನು ಬಿಡಿಸತೊಡಗಿದಳು. ಒಂದೊಂದೇ ಮುಳ್ಳು ಹುಡುಕಿ ತೆಗೆದು ತಾಟಿನ ಅಂಚಿಗಿಟ್ಟಳು. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ, ಸಣ್ಣ ಸಣ್ಣ ತುತ್ತು ಮಾಡಿ ಸೊಸೆಯ ಬಾಯಿಗಿಟ್ಟಳು. ಹುಡುಗಿ ಅಗಿದಳು, ನುಂಗಿದಳು. ನಾವಿಬ್ಬರೂ ಕಾದೆವು. ವಾಂತಿ ಬರಲಿಲ್ಲ. ಇನ್ನೊಂದು ತುತ್ತು. ಆಕೆ ನುಂಗಿದಾಗೊಮ್ಮೆ ಅತ್ತಿಯ ಗಂಟಲೂ ಅಲುಗುತ್ತಿತ್ತು. ಮೂಗಿನ ಮೇಲಿನ ಸೆರಗು ಒದ್ದೆಯಾಗಿದ್ದು ನನಗೆ ಕಂಡಿತು. ನಾನು ಹೊರಗಿನ ರಸ್ತೆ ನೋಡಿದೆ.

ತಾಟು ಖಾಲಿಯಾಯಿತು. ಹೋಟೆಲಿನವನು ಬಂದು ಅತ್ತಿಗೆ ಕೇಳಿದ, "ಆಜೀ, ನಿಮಗೇನ್ ತರ್ಲಿ?"

"ಇನ್ನೊಂದು ತಾ," ಎಂದಳು ಅತ್ತಿ, ಮಸಾಲೆಯಾದ ಕೈಯನ್ನು ಹಾಗೇ ಎತ್ತಿ ಹಿಡಿದು. "ಹುಡುಗಿ ಉಣ್ಣಾಕತ್ಯಾಳ."