ಒಂದು ಮೊಳದ ಗಾಡಿ ಕೊಂಡ ಕತೆ

ಹಳೇ ಗಾಡಿ ಕೊಂಡವನಿಗೆ ಮಾತಿಗೆ ಬರ ಇಲ್ಲ. ನಮ್ಮ ಬೆಳಗೋಡು ಕಡೆ ಯಾರನ್ನಾದರೂ ಕೇಳಿ, ಹಳೇ ಜೀಪು ತಂದವನು ಒಂದು ಕತೆ ಹೇಳುತ್ತಾನೆ, ಹಳೇ ಟಿಲ್ಲರ್ ತಂದವನು ಎರಡು ಹೇಳುತ್ತಾನೆ. ನಾನು ತಂದ ಗಾಡಿ ಉದ್ದ ಒಂದು ಮೊಳ, ಎತ್ತರ ಒಂದು ಗೇಣು. ಕತೆಗೆ ಮಾತ್ರ ಅಳತೆ ಇಲ್ಲ.

ಅದು ರಿಮೋಟಿನಲ್ಲಿ ಓಡುವ ಬಗ್ಗಿ. ಮೇಲೆ ತೆರೆದ ಮೈ, ಹಿಂದೆ ಮುಳ್ಳುಮುಳ್ಳಾದ ದಪ್ಪ ಚಕ್ರ, ಎರಡು ಕಡ್ಡಿ ಇರುವ ರಿಮೋಟು, ಅದಕ್ಕೊಂದು ಮಾರುದ್ದದ ಏರಿಯಲ್. ನಲವತ್ತು ವರ್ಷದ ಹಿಂದಿನ ಫಾರಿನ್ ಮಾಲು. ನಾನು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ ಹೊಸತರಲ್ಲಿ ಸಾಹುಕಾರರು ಭಾನುವಾರ ಇಂಥದ್ದೇ ಒಂದನ್ನು ಕಣದಲ್ಲಿ ಓಡಿಸುತ್ತಿದ್ದರು. ನಾವು ದೂರ ನಿಂತು ನೋಡಬೇಕು. ಅವತ್ತು ಹತ್ತಿದ ಆಸೆ, ಮದುವೆ ಆದರೂ ಹೋಗಲಿಲ್ಲ, ಮಂಡಿನೋವು ಬಂದರೂ ಹೋಗಲಿಲ್ಲ.

ಮೂರನೇ ಕೈ

ಸಕಲೇಶಪುರದಲ್ಲಿ ಹಳೇ ಬಂಗಲೆಯೊಂದನ್ನು ಹೋಂಸ್ಟೇ ಮಾಡುತ್ತಿದ್ದರು. ಅಟ್ಟದ ಸಾಮಾನೆಲ್ಲ ಕೆಳಗಿಳಿಸಿ ಮಾರುತ್ತಿದ್ದಾರೆ, ಅದರಲ್ಲೊಂದು ಆಟದ ಕಾರಿದೆ ಅಂತ ಸುದ್ದಿ ಬಂತು. ಗಾಡಿ ಕೊಳ್ಳಲು ಒಬ್ಬನೇ ಹೋಗಬಾರದು ಅನ್ನುವುದು ನಮ್ಮ ಕಡೆ ಪದ್ಧತಿ. ಅದಕ್ಕೆ ನನ್ನ ಸ್ನೇಹಿತ ಜೀಪ್ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ.

ಬಗ್ಗಿ ಟೀಪಾಯಿ ಮೇಲಿತ್ತು. ಮೇಸ್ತ್ರಿ ಟೀಪಾಯಿ ಸುತ್ತ ಒಂದು ಸುತ್ತು ಬಂದ. ಜೀಪಾಗಿದ್ದರೆ ಟೈರು ಒದೆಯುತ್ತಿದ್ದ, ಇಲ್ಲಿ ಬೆರಳಲ್ಲಿ ಕುಟ್ಟಿದ. ಸೊಂಟ ಬಾಗಿಸಿ, ಕೆಳಗೆ ಎಣ್ಣೆ ಸೋರಿದೆಯಾ ಅಂತ ನೋಡಿದ.

"ಪೇಪರ್ ಐತಾ ಸಾರ್?" ಅಂದ.

"ಅಯ್ಯೋ, ಅದು ಆಟದ ಕಾರು ಕಣ್ರೀ," ಅಂದರು ಬಂಗಲೆಯವರು.

"ಅದು ಗೊತ್ತು ಸಾರ್. ಎಷ್ಟನೇ ಓನರ್ ನೀವು?"

"ನಮ್ಮ ಸೋದರಮಾವಂದು. ಅವರಾದ ಮೇಲೆ ನನ್ನದು."

ಮೇಸ್ತ್ರಿ ನನ್ನ ಕಡೆ ತಿರುಗಿ, "ಹಂಗಾದ್ರೆ ನೀನು ಮೂರನೆಯವ್ನು," ಅಂದ. ಆಮೇಲೆ ಅವರ ಕಡೆ ತಿರುಗಿ, "ಮೂರನೇ ಕೈಗೆ ಹೋಗೋ ಗಾಡಿ ಸಾರ್. ರೇಟು ಇಳೀಬೇಕು," ಅಂದ. ಅವರು ನಕ್ಕು ನಕ್ಕು ಸುಸ್ತಾಗಿ ನಿಜಕ್ಕೂ ಇಳಿಸಿದರು.

ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿದ್ದ ಅಜ್ಜಿ ಬಾಳುಪೇಟೆ ಬರುವವರೆಗೂ ಅದನ್ನೇ ನೋಡಿ, "ಮೊಮ್ಮಗಂಗೇನಪ್ಪ?" ಅಂದಳು.

"ಇಲ್ಲ ಅಜ್ಜಿ, ನಂಗೇ."

ಅಜ್ಜಿ ನನ್ನ ನರೆತ ತಲೆ ನೋಡಿದಳು, ಚಕ್ರ ನೋಡಿದಳು. "ಇರ್ಲಿ ಬುಡಪ್ಪ," ಅಂತ ನನ್ನ ಕೈ ತಟ್ಟಿದಳು. "ಕುಡಿಯೋದಕ್ಕಿಂತ ವಾಸಿ."

ಮನೆಯ ಕಾನೂನು

ನನ್ನ ಹೆಂಡತಿ ಬೈಯುವವಳಲ್ಲ. ಬೈದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಇವಳು ಪ್ರಶ್ನೆ ಕೇಳುತ್ತಾಳೆ.

"ಈ ಮನೇಲಿ ಕೆಲ್ಸ ಮಾಡ್ದೆ ಕೂತಿರೋದು ಯಾವ್ದೈತೆ ಹೇಳಿ," ಅಂದಳು. "ನಾಯಿ ಬೊಗಳ್ತೈತೆ. ಬೆಕ್ಕು ಇಲಿ ಹಿಡೀತೈತೆ. ನಮ್ಮಮ್ಮಂಗೆ ಎಂಬತ್ತಾಯ್ತು, ಈಗ್ಲೂ ಮಜ್ಜಿಗೆ ಕಡೀತಾಳೆ. ಇದೇನ್ ಮಾಡ್ತೈತೆ?"

"ಮತ್ತೆ ನಾನು?" ಅಂದೆ, ಮಾತು ಬೇರೆ ಕಡೆ ತಿರುಗಲಿ ಅಂತ.

"ನಿಮ್ ವಿಷ್ಯ ಆಮೇಲೆ ಮಾತಾಡಾಣ."

ಕೊನೆಗೆ ಒಂದು ತೀರ್ಮಾನ ಆಯಿತು. ಆಗ ನಮ್ಮ ಸಣ್ಣ ತೋಟದಲ್ಲಿ ಕಾಫಿ ಕುಯ್ಲು ನಡೆಯುತ್ತಿತ್ತು. ಕಣದಲ್ಲಿ ಒಣಗುತ್ತಿರುವ ಕಾಫಿ ಮೂಟೆ ಕಟ್ಟುವುದರೊಳಗೆ ಈ ಗಾಡಿ ಮನೆಗೆ ಒಂದೇ ಒಂದು ಉಪಯೋಗದ ಕೆಲಸ ಮಾಡಬೇಕು. ಇಲ್ಲದಿದ್ದರೆ ಶನಿವಾರ ಬರುವ ಗುಜರಿಯವನ ಪಾಲು. ಇವಳು ಹೇಳಿದ್ದು ಮಾಡುವವಳು. ನನ್ನ ಟೇಪ್ ರೆಕಾರ್ಡರ್ ಹಾಗೇ ಹೋಯಿತು, ಕೇರಂ ಬೋರ್ಡು ಹಾಗೇ ಹೋಯಿತು. ಇದೂ ಹೋದರೆ ಇನ್ನೊಂದು ಸಿಗುವ ವಯಸ್ಸಲ್ಲ ನನ್ನದು. ನನಗೆ ನಿಜವಾಗಲೂ ಭಯ ಆಯಿತು.

ಭಯ ಆಗಿದ್ದು ನೋಡಿ ಅತ್ತೆ ಸಮಾಧಾನ ಮಾಡಿದರು. "ಹೆದ್ರಬೇಡಿ ಅಳಿಯಂದ್ರೆ. ನಿಮ್ಮನ್ನ ಇಟ್ಕಂಡವ್ಳು ಅದನ್ನೂ ಇಟ್ಕಂತಾಳೆ."

ನಾಲ್ಕು ನಿಂಬೆಹಣ್ಣು

ಮನೆಗೆ ಗಾಡಿ ಬಂದರೆ ಪೂಜೆ ಆಗಬೇಕು ಅಂತ ಅತ್ತೆಯವರೇ ಹಟ ಹಿಡಿದರು. ಚಕ್ರ ಇದ್ದ ಮೇಲೆ ಅದು ಗಾಡಿಯೇ, ಸಣ್ಣದು ದೊಡ್ಡದು ದೇವರಿಗಿಲ್ಲ ಅಂದರು. ಅರಿಶಿನ ಕುಂಕುಮ ಹಚ್ಚಿದ್ದಾಯಿತು, ಸೇವಂತಿಗೆ ಹೂವಿನ ಹಾರ ಹಾಕಿದ್ದಾಯಿತು. ಹಾರ ಹಾಕಿದ ಮೇಲೆ ಗಾಡಿ ಕಾಣಿಸಲಿಲ್ಲ. ರಿಮೋಟಿಗೂ ಒಂದು ಹಾರ ಬಿತ್ತು, ಏರಿಯಲ್ ಚಾಚಿಕೊಂಡಿರುವುದು ರಿಮೋಟು ಅಂತ ಗುರುತಿಟ್ಟುಕೊಂಡೆವು.

ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, "ಹೂಂ, ಮುಂದಕ್ಕೆ ಬಿಡಿ," ಅಂದರು ಅತ್ತೆ. ಬಿಟ್ಟೆ. ನಿಂಬೆಹಣ್ಣು ಗಾಡಿಗಿಂತ ಗಟ್ಟಿ. ಬಗ್ಗಿ ಹಣ್ಣಿನ ಮೇಲೆ ಹತ್ತಿ ಮಗುಚಿ ಬಿತ್ತು, ಹಾರ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಎತ್ತಿ ಇಟ್ಟು ಮತ್ತೆ ಬಿಟ್ಟೆ. ಈ ಸಲ ಒಂದು ಹಣ್ಣು ಚಿಮ್ಮಿ ಆರತಿ ತಟ್ಟೆಗೆ ಹೋಗಿ ಕರ್ಪೂರ ಆರಿಸಿತು. ಮೂರನೇ ಸಲ ಗಾಡಿ ಅಲ್ಲೇ ನಿಂತು ಗುಂಯ್ ಅಂದಿತು. ಹಣ್ಣು ಒಡೆಯದೆ ಗಾಡಿ ಎತ್ತಿದರೆ ಅಪಶಕುನ ಅಂತ ಅತ್ತೆ. ಮುಕ್ಕಾಲು ಗಂಟೆ ಹೀಗೇ ಆಯಿತು.

ಕೊನೆಗೆ ಅತ್ತೆಯವರೇ ಒಳಗಿಂದ ಒನಕೆ ತಂದು ನಾಲ್ಕೂ ನಿಂಬೆಹಣ್ಣನ್ನು ಒಂದೊಂದೇ ಏಟಿಗೆ ಅಪ್ಪಚ್ಚಿ ಮಾಡಿದರು. "ದೇವ್ರಿಗೆ ಹಣ್ಣು ಒಡೀಬೇಕು ಅಷ್ಟೇಯ. ಯಾರು ಒಡೆದ್ರೂ ನಡೀತೈತೆ," ಅಂತ ಒನಕೆಗೂ ಒಂಚೂರು ಕುಂಕುಮ ಇಟ್ಟು ಒಳಗೆ ಹೋದರು.

ಮೇಸ್ತ್ರಿಯ ರಿಪೇರಿ

ಗಾಡಿಗೆ ಶಕ್ತಿ ಸಾಲದು ಅಂತ ಮೇಸ್ತ್ರಿ ಹತ್ತಿರ ತೆಗೆದುಕೊಂಡು ಹೋದೆ. ಹಳೇ ಬ್ಯಾಟರಿ ಹತ್ತು ನಿಮಿಷಕ್ಕೆ ಕೈ ಕೊಡುತ್ತಿತ್ತು. ಅವನು ಔಷಧಿ ಹೊಡೆಯುವ ಕೆಟ್ಟ ಸ್ಪ್ರೇಯರಿನ ಬ್ಯಾಟರಿ ಬಿಚ್ಚಿ, ಅದರಲ್ಲಿ ಜೀವ ಇದ್ದ ಸೆಲ್ಲು ಎರಡನ್ನು ಆರಿಸಿ ಇದಕ್ಕೆ ಕೂರಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮೇಸ್ತ್ರಿಗೆ ಕೈ ಬಿಸಿ ಆದರೆ ನಿಲ್ಲುವುದಿಲ್ಲ.

ಸಂಜೆ ಹೋಗಿ ನೋಡಿದರೆ ನನ್ನ ಬಗ್ಗಿಗೆ ಕಬ್ಬಿಣದ ಬಂಪರ್ ಬಂದಿದೆ. ಜೀಪಿಗೆ ಹಾಕುವಂಥದ್ದೇ, ಅಳತೆ ಮಾತ್ರ ಸಣ್ಣದು. ವೆಲ್ಡಿಂಗ್ ಮಾಡಿ, ಉಜ್ಜಿ, ಕರೀ ಬಣ್ಣ ಬಳಿದಿದ್ದಾನೆ. ಕೈಯಲ್ಲಿ ಎತ್ತಿದೆ, ಗಾಡಿಯ ಮೂಗು ಕೆಳಗಾಯಿತು. ನೆಲಕ್ಕಿಟ್ಟು ಕಡ್ಡಿ ಒತ್ತಿದೆ. ಹಿಂದಿನ ಚಕ್ರ ಎರಡೂ ಗಾಳಿಯಲ್ಲಿ ತಿರುಗಿದವು, ಗಾಡಿ ಇದ್ದಲ್ಲೇ ಇತ್ತು.

"ಹೆಂಗೆ? ಈಗ ಯಾವ ಮರಕ್ಕೆ ಗುದ್ದಿದ್ರೂ ಏನೂ ಆಗಲ್ಲ," ಅಂದ.

"ಓಡ್ತಾನೇ ಇಲ್ವಲ್ಲೋ ಮಾರಾಯ."

"ಅದನ್ನೇ ನಾನೂ ಹೇಳಿದ್ದು ಕಣೋ," ಅಂದ ಮೇಸ್ತ್ರಿ. "ಓಡಿದ್ರೆ ತಾನೇ ಗುದ್ದೋದು."

ಬಂಪರ್ ಕಳಚಿಸಲು ಅವನಿಗೆ ಎರಡು ಟೀ ಕುಡಿಸಬೇಕಾಯಿತು. ಇವತ್ತಿಗೂ ಅದು ಅವನ ಗ್ಯಾರೇಜಿನ ಗೋಡೆ ಮೇಲೆ ನೇತಾಡುತ್ತಿದೆ. ಬಂದವರಿಗೆಲ್ಲ ತೋರಿಸಿ, "ಗಾಡಿಗೆ ಯೋಗ್ಯತೆ ಇರ್ಲಿಲ್ಲ," ಅನ್ನುತ್ತಾನೆ.

ಒಂದಾಳಿನ ಕೆಲಸ

ಕಣದ ಕಾಫಿಯನ್ನು ದಿನಕ್ಕೆ ಏಳೆಂಟು ಸಲ ಮರದ ಹಲಗೆಯಲ್ಲಿ ಎಳೆದು ತಿರುವಿ ಹಾಕಬೇಕು, ಇಲ್ಲದಿದ್ದರೆ ಒಂದೇ ಸಮ ಒಣಗುವುದಿಲ್ಲ. ಬಿಸಿಲಿಗೆ ನಿಂತು ಅದನ್ನು ಮಾಡುವವಳು ನನ್ನ ಹೆಂಡತಿ. ಈ ಕೆಲಸ ಗಾಡಿ ಮಾಡಿದರೆ ಗೆದ್ದೆ ಅಂದುಕೊಂಡು, ಎಣ್ಣೆ ಡಬ್ಬದ ತಗಡು ಕತ್ತರಿಸಿ, ಹಲ್ಲು ಮಾಡಿ, ತಂತಿಯಲ್ಲಿ ಬಗ್ಗಿಯ ಹಿಂದೆ ಕಟ್ಟಿದೆ.

ನೆರಳಲ್ಲಿ ಕುರ್ಚಿ ಹಾಕಿಕೊಂಡು ಓಡಿಸಿದೆ. ಏನು ಚೆಂದ ಅಂತೀರಿ. ಗಾಡಿ ಹೋದಲ್ಲೆಲ್ಲ ಕಾಫಿಯಲ್ಲಿ ನೇಗಿಲ ಸಾಲು ಮೂಡುತ್ತಿತ್ತು. ಪಕ್ಕದ ತೋಟದವರೂ ಬಂದು ನೋಡಿದರು. ಒಂದು ಸಾಲು ಆಯಿತು, ಎರಡು ಸಾಲು ಆಯಿತು. ಮೂರನೆಯದರಲ್ಲಿ ನಾನು ಹುರುಪಿಗೆ ಬಿದ್ದು ಕಡ್ಡಿ ಪೂರ್ತಿ ಒತ್ತಿದೆ. ಮುಳ್ಳಿನ ಚಕ್ರ ಕಾಫಿಯನ್ನು ಕೆರೆದು ಹಿಂದಕ್ಕೆ ಎಸೆಯತೊಡಗಿತು. ಹೆಂಚಿನ ಮೇಲೆ ಕಾಫಿ, ಬಚ್ಚಲ ಹಂಡೆಯಲ್ಲಿ ಕಾಫಿ, ನೋಡಲು ಬಂದವರ ಅಂಗಿ ಜೇಬಲ್ಲಿ ಕಾಫಿ.

ಅವತ್ತು ಹೊತ್ತು ಮುಳುಗುವವರೆಗೆ ಹೆಂಡತಿ, ಅತ್ತೆ, ಪಕ್ಕದ ಮನೆಯಾಕೆ ಮೂವರೂ ಬಗ್ಗಿಕೊಂಡು ಕಾಫಿ ಹೆಕ್ಕಿದರು. ನಾನು ಸುಮ್ಮನೆ ಗಾಡಿ ಒರೆಸುತ್ತ ಕೂತಿದ್ದೆ. ಹೆಂಡತಿ ಸೊಂಟ ಹಿಡಿದುಕೊಂಡು ಎದ್ದು ನಿಂತು, "ಒಪ್ಕಂಡೆ ಕಣ್ರೀ," ಅಂದಳು. "ಒಂದಾಳಿನ ಕೆಲ್ಸ ಮಾಡ್ತು. ಮೂರಾಳಿಗೆ ಕೆಲ್ಸನೂ ಕೊಡ್ತು."

ಒಂಟಿ, ದೊಡ್ಡದು

ಇದೆಲ್ಲದರ ನಡುವೆ ನಮ್ಮ ಮನೆಗೆ ನನ್ನ ದೂರದ ಚಿಕ್ಕಪ್ಪ ಒಬ್ಬರು ಬಂದಿದ್ದರು. ಬಯಲುಸೀಮೆಯವರು. ಮೂರು ದಿನಕ್ಕೆ ಅಂತ ಬಂದವರು ಹನ್ನೊಂದನೇ ದಿನವೂ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದರು. ದಿನಕ್ಕೆ ಆರು ಸಲ ಕಾಫಿ, ಪ್ರತಿ ಸಲ ಸಕ್ಕರೆ ಬಗ್ಗೆ ಒಂದು ತಕರಾರು. ಬೆಳಗೋಡಿನಿಂದ ಎಷ್ಟೆಷ್ಟು ಹೊತ್ತಿಗೆ ಬಸ್ಸಿದೆ ಅಂತ ನನ್ನ ಹೆಂಡತಿ ದಿನಾ ಅಡಿಗೆಮನೆಯಿಂದ ಜೋರಾಗಿ ಹೇಳುತ್ತಿದ್ದಳು. ಅವರು ಕೇಳಿ ತಲೆದೂಗಿ, "ಅನುಕೂಲ ಐತೆ ಬುಡು ನಿಮ್ಮೂರಲ್ಲಿ," ಅನ್ನುತ್ತಿದ್ದರು.

ಆನೆ ಮಾತು ಬಂದರೆ ಅವರದು ಒಂದೇ ವರಸೆ. "ಆನೆ ಅಂದ್ರೇನು, ದೊಡ್ಡ ಎಮ್ಮೆ. ಒಂದ್ಸಲ ಗದರಿಸಿದ್ರೆ ಹೋಗ್ಬುಡ್ತೈತೆ." ನಮಗೆ ಆನೆ ತಮಾಷೆಯ ವಿಷಯ ಅಲ್ಲ. ಎಲ್ಲಿ ಕಂಡರೂ, ಸದ್ದು ಕೇಳಿದರೂ, ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಹಾಕಿದ ಕೂಡಲೇ ಎಲ್ಲರೂ ಮನೆ ಸೇರುತ್ತಾರೆ.

ಶುಕ್ರವಾರ ಆಯಿತು. ಕಾಫಿ ಒಣಗಿತ್ತು, ಮೂಟೆಗೆ ಚೀಲ ತಂದಾಗಿತ್ತು, ಬೆಳಗಾದರೆ ಗುಜರಿಯವನು. ಕೊನೇ ಪ್ರಯತ್ನ ಅಂತ ಸಂಜೆ ಅದೇ ತಗಡು ಕಟ್ಟಿ, ತೋಟದ ದಾರಿ ಮೇಲೆ ಬಿದ್ದ ಸಿಲ್ವರ್ ಓಕ್ ಎಲೆ ಗುಡಿಸಲು ಬಿಟ್ಟೆ. ಹತ್ತು ಮಾರು ಚೆನ್ನಾಗಿಯೇ ಗುಡಿಸಿತು. ತಿರುವಿನಲ್ಲಿ ಕಾಫಿ ಗಿಡದೊಳಗೆ ನುಗ್ಗಿ ಮರೆಯಾಯಿತು. ಪಕ್ಕದ ತೋಟದಲ್ಲಿ ನೀರು ಹೊಡೆಯುವ ಪಂಪು ಓಡುತ್ತಿತ್ತು, ಬೇರೆ ಸದ್ದೇ ಕೇಳಿಸಲಿಲ್ಲ. ಕಡ್ಡಿ ಎಷ್ಟು ಒತ್ತಿದರೂ ಗಾಡಿ ಹೊರಗೆ ಬರಲಿಲ್ಲ. ಬ್ಯಾಟರಿ ಮುಗಿಯಿತು ಅಂದುಕೊಂಡೆ.

ಕಡ್ಡಿ ಒತ್ತುತ್ತಲೇ ಹುಡುಕಲು ನಾಲ್ಕು ಹೆಜ್ಜೆ ಇಟ್ಟಿದ್ದೇನೆ, ಪಂಪು ನಿಂತಿತು. ಆಗ ಗಿಡದೊಳಗಿಂದ ಲಟ ಲಟ ಅಂತ ಕೊಂಬೆ ಮುರಿದ ಸದ್ದು. ನಾನು ಹಿಂದೆ ನೋಡಲಿಲ್ಲ. ಮಂಡಿನೋವು ಎಲ್ಲಿತ್ತೋ, ಓಡಿ ಬಂದು ಬಾಗಿಲು ಹಾಕಿ ಅಗುಳಿ ಜಡಿದೆ.

"ಆನೆ," ಅಂದೆ.

ಒಳಗೆ ಕೂತಿದ್ದ ಚಿಕ್ಕಪ್ಪನ ಕಾಫಿ ಲೋಟ ಕೈಯಲ್ಲೇ ನಿಂತಿತು. ನಾನು ರಿಮೋಟನ್ನು ಎದೆಗೆ ಅವುಚಿಕೊಂಡು ಕಿಟಕಿ ಹತ್ತಿರ ನಡುಗುತ್ತ ನಿಂತೆ. ತೋಟದ ಕಡೆಯಿಂದ ಮತ್ತೆ ಲಟ ಲಟ. ಗುಂಪಿಗೆ ಹಾಕಬೇಕಲ್ಲ, ರಿಮೋಟು ಮೇಜಿನ ಮೇಲಿಟ್ಟು ಫೋನ್ ತೆಗೆದೆ. ಸದ್ದು ನಿಂತಿತು.

"ಹೋಯ್ತಾ?" ಅಂತ ಚಿಕ್ಕಪ್ಪ ಪಿಸುಗುಟ್ಟಿದರು.

"ಹೇಳಕ್ಕಾಗಲ್ಲ ಚಿಕ್ಕಪ್ಪ. ಕಿವಿ ಕೊಟ್ಕಂಡು ನಿಂತಿರ್ತೈತೆ."

ಗುಂಪಿನಲ್ಲಿ ಯಾರೋ, "ಒಂಟಿನಾ, ಹಿಂಡಾ?" ಅಂತ ಕೇಳಿದರು. "ಒಂಟಿ, ದೊಡ್ಡದು," ಅಂತ ಬರೆದೆ. ಬರೆದು ರಿಮೋಟು ಎತ್ತಿಕೊಂಡೆ. ಲಟ ಲಟ ಲಟ ಲಟ. ಚಿಕ್ಕಪ್ಪ ಗದರಿಸಲಿಲ್ಲ. ಲೋಟ ಕೆಳಗಿಟ್ಟು, ತಮ್ಮ ಬ್ಯಾಗು ಬಟ್ಟೆ ಬಾಚಿಕೊಂಡು, ಖಾಲಿ ಕಾಫಿ ಚೀಲ ಜೋಡಿಸಿದ್ದ ಸ್ಟೋರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿಂದ ಬ್ಯಾಗಿನ ಜಿಪ್ಪು ಎಳೆದ ಸದ್ದು ಬಂತು. ಹೆಂಡತಿ ನನ್ನ ಮುಖ ನೋಡಿದಳು, ಕೈ ನೋಡಿದಳು, ಕಿಟಕಿ ಕಡೆ ನೋಡಿದಳು. ಪಾಪ, ನನ್ನ ಬಗ್ಗೆ ಚಿಂತೆ ಅಂದುಕೊಂಡೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಚಿಕ್ಕಪ್ಪ ಹೊರಟರು. ಕಾಫಿಯನ್ನೂ ಕೇಳಲಿಲ್ಲ. ಅವರನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ಬಗ್ಗಿ ಜಗಲಿ ಮೇಲಿತ್ತು. ತಗಡು ನುಗ್ಗಾಗಿತ್ತು, ಮೈತುಂಬ ಒಣಗಿದ ಎಲೆ.

"ಎರಡು ಗಿಡದ ಮಧ್ಯೆ ಸಿಕ್ಕಾಕ್ಕಂಡಿತ್ತು," ಅಂದಳು ಹೆಂಡತಿ. "ನೀವು ನಡುಗ್ತಾ ಕಡ್ಡಿ ಒತ್ತಿದಾಗೆಲ್ಲ ತಗಡು ಬಡ್ಕಂತಿತ್ತು. ಕೆಳಗಿಟ್ರೆ ನಿಲ್ತಿತ್ತು. ಆನೆ ಓಡಿಸ್ತಾ ಇದ್ದೋರು ನೀವೇ ಕಣ್ರೀ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಅವಾಗ್ಲೇ ಹೇಳಬಾರ್ದಾಗಿತ್ತೇನೇ?"

"ಒಳಗೆ ಚಿಕ್ಕಪ್ಪ ಬ್ಯಾಗು ತುಂಬ್ತಾ ಇದ್ರು. ಹೇಳಿದ್ರೆ ನಿಲ್ಲಿಸ್ಬುಡ್ತಿದ್ರು. ಮೊದ್ಲು ಗುಂಪಿಗೆ ತಪ್ಪಾಯ್ತು ಅಂತ ಹಾಕಿ, ಜನ ಕೆಲ್ಸಕ್ಕೆ ಹೋಗ್ಲಿ."

ಹಾಕಿದೆ. ಆನೆ ಅಲ್ಲ, ನಮ್ಮ ಮನೆ ಗಾಡಿ, ಎಲ್ಲರೂ ಕ್ಷಮಿಸಬೇಕು ಅಂತ. ಅವತ್ತು ಗುಂಪಿನಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹತ್ತು ಗಂಟೆಗೆ ಗುಜರಿಯವನ ಟೆಂಪೋ ಬಂದು ಗೇಟಿನ ಹತ್ತಿರ ಹಾರನ್ ಹೊಡೆಯಿತು. ನಾನು ಬಗ್ಗಿಯ ಮುಂದೆ ಅಡ್ಡ ನಿಂತೆ. ಬೇಡಿಕೊಳ್ಳಲೂ ತಯಾರಾಗಿದ್ದೆ. ಹೆಂಡತಿ ಗೇಟಿನವರೆಗೆ ಹೋಗಿ, "ಏನೂ ಇಲ್ಲ, ಹೋಗಪ್ಪ," ಅಂತ ಅವನನ್ನು ಕಳಿಸಿ, ವಾಪಸ್ಸು ಬಂದಳು.

"ಸುಮ್ನೆ ಯಾಕ್ ನಿಂತಿದೀರಿ? ಬ್ಯಾಟರಿ ಚಾರ್ಜಿಗೆ ಹಾಕಿ," ಅಂದಳು. "ಯುಗಾದಿಗೆ ನಿಮ್ಮಕ್ಕ, ಭಾವ ಬರ್ತಾರಂತೆ. ಹದಿನೈದು ದಿನಕ್ಕೆ."